ಮಣ್ಣಿನಡಿ ಸಿಕ್ಕ ಹಳೆಯ ಕೋವಿ: ಕೊಡಗಿನಲ್ಲಿ ಅದನ್ನು ಗುರುತಿಸುವ ಮತ್ತು ಕಾಪಾಡುವ ಕ್ರಮ

ಕಾಫಿ ಗಿಡ ಕಿತ್ತು ಮರುನಾಟಿಗೆ ಗುಂಡಿ ತೆಗೆಯುವಾಗ, ಐನ್‌ಮನೆಯ (ಕೊಡವ ಕುಲದ ಮೂಲಮನೆಯ) ಹಿಂದಿನ ದಿಬ್ಬ ತಟ್ಟುವಾಗ, ಇಲ್ಲವೇ ಹೂತುಹೋದ ಪೈಪಿನ ವಾಲ್ವನ್ನೋ ಕಳೆದುಹೋದ ಉಂಗುರವನ್ನೋ ಹುಡುಕಲು ಮೆಟಲ್ ಡಿಟೆಕ್ಟರ್ ಹಿಡಿದು ತೋಟದಲ್ಲಿ ಓಡಾಡುವಾಗ, ತುಕ್ಕು ಹಿಡಿದ ಕೋವಿಯ ನಳಿಗೆಯೊಂದು ಎದುರಾಗುವುದು ಕೊಡಗಿನಲ್ಲಿ ಅಚ್ಚರಿಯ ಸಂಗತಿಯಲ್ಲ. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ತೋಕಿಗೆ, ಅಂದರೆ ಕೋವಿಗೆ, ಹೂ ಮುಡಿಸಿ ಪೂಜಿಸುವ, ಸುಗ್ಗಿಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು ಹೊಡೆಯುವ, ಹುಟ್ಟನ್ನೂ ಸಾವನ್ನೂ ಗುಂಡಿನ ಸದ್ದಿನಿಂದಲೇ ಊರಿಗೆ ತಿಳಿಸುತ್ತಿದ್ದ ನಾಡಿನಲ್ಲಿ, ಮುರಿದ ಕೋವಿಗಳೂ ಕಳೆದ ಕೋವಿಗಳೂ ಬಚ್ಚಿಟ್ಟು ಮರೆತ ಕೋವಿಗಳೂ ಮಣ್ಣು ಸೇರಿರುವುದು ಸಹಜವೇ. ಅಂಥದ್ದೊಂದು ಸಿಕ್ಕ ಕೂಡಲೇ ಹತ್ತು ಜನ ಸೇರುತ್ತಾರೆ, ಅವರಲ್ಲಿ ಒಬ್ಬರಾದರೂ ಅದನ್ನು ಟಿಪ್ಪುವಿನ ಕಾಲದ್ದೆಂದು ಹೇಳಿಯೇ ಹೇಳುತ್ತಾರೆ.

ಆ ಮಾತಿಗೆ ಆಧಾರ ಸಾಮಾನ್ಯವಾಗಿ ತುಕ್ಕು ಮಾತ್ರ. ಆದರೆ ತುಕ್ಕಿನಿಂದ ವಯಸ್ಸನ್ನು ಅಳೆಯುವ ಲೆಕ್ಕ ಕೊಡಗಿನ ಮಣ್ಣಿನಲ್ಲಿ ನಡೆಯುವುದಿಲ್ಲ. ಆಮ್ಲೀಯ ಕೆಂಪು ಮಣ್ಣು, ತಿಂಗಳುಗಟ್ಟಲೆ ಸುರಿಯುವ ಮಳೆ, ಎಲೆ ಕೊಳೆತು ಸದಾ ತೇವವಾಗಿರುವ ತೋಟದ ನೆಲ ಇವೆಲ್ಲ ಸೇರಿದರೆ ಇತ್ತೀಚೆಗೆ ಯಾರೋ ನೀರಿನ ಪೈಪಿನಿಂದ ಮಾಡಿ ಎಸೆದ ಕಳ್ಳಕೋವಿಯೂ ಕೆಲವೇ ಮಳೆಗಾಲಗಳಲ್ಲಿ ಪುರಾತನ ವಸ್ತುವಿನಂತೆ ಕಾಣತೊಡಗುತ್ತದೆ. ವಯಸ್ಸು ಹೇಳುವುದು ಕೋವಿಯ ಬೆಂಕಿ ಹೊತ್ತಿಸುವ ಭಾಗ, ನಳಿಗೆಯ ಕಟ್ಟಡ, ಜೊತೆಯಲ್ಲಿ ಸಿಗುವ ಚಿಕ್ಕಪುಟ್ಟ ವಸ್ತುಗಳು, ಮತ್ತು ಅವೆಲ್ಲ ಬಿದ್ದಿದ್ದ ಜಾಗ. ಈ ಲೇಖನದ ಬಹುಪಾಲು ಈ ನಾಲ್ಕರ ಬಗ್ಗೆಯೇ ಇದೆ.

ಹುಡುಕುವ ಮುನ್ನ: ಎಲ್ಲಿ ಹುಡುಕಬಾರದು

ಮಡಿಕೇರಿ ಕೋಟೆಯಂಥ ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಲೋಹ ಹುಡುಕಿ ನೆಲ ಅಗೆಯುವುದು ಅಪರಾಧ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತಲಿನ 100 ಮೀಟರು ನಿಷೇಧಿತ ವಲಯವಾಗಿದ್ದು, ಅದರಾಚೆಯ 200 ಮೀಟರು ನಿಯಂತ್ರಿತ ವಲಯವಾಗಿದೆ. ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿಯಂಥ ರಕ್ಷಿತ ಅರಣ್ಯಗಳಿಗೆ ಉಪಕರಣ ಹಿಡಿದು ಹೋಗುವ ಯೋಚನೆಯನ್ನೂ ಮಾಡಬಾರದು. ದೇವರಕಾಡು, ಕೈಮಡ (ಕುಲದ ಹಿರಿಯರ ಗುಡಿ), ಸ್ಮಶಾನಗಳ ವಿಷಯದಲ್ಲಿ ಕಾನೂನಿಗಿಂತ ಮೊದಲು ಊರಿನ ಮರ್ಯಾದೆಯೇ ತಡೆಯಬೇಕು.

ಕಡಂಗಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಹಿಂದಿನವರು ತೋಡಿದ ಈ ಯುದ್ಧದ ಅಗಳುಗಳು ಎಷ್ಟೋ ಖಾಸಗಿ ತೋಟಗಳ ನಡುವೆ ಹಾದುಹೋಗುತ್ತವೆ, ಹೀಗಾಗಿ ‘ನಮ್ಮ ಜಾಗ, ನಾವು ಅಗೆಯುತ್ತೇವೆ’ ಎಂಬ ವಾದ ಸುಲಭವಾಗಿ ಬಂದುಬಿಡುತ್ತದೆ. ಆದರೆ ಕಡಂಗದ ಏರಿಯ ಮಣ್ಣೇ ಒಂದು ದಾಖಲೆ. ಅದನ್ನು ಒಮ್ಮೆ ಕಡಿದರೆ ಯಾವ ಪದರ ಯಾವ ಕಾಲದ್ದೆಂದು ಮುಂದೆ ಯಾರೂ ಹೇಳಲಾರರು. ಅಲ್ಲಿ ಡಿಟೆಕ್ಟರ್ ಸದ್ದು ಮಾಡಿದರೆ ಜಾಗವನ್ನು ಬರೆದಿಟ್ಟುಕೊಂಡು ಮುಂದೆ ನಡೆಯುವುದೇ ಸರಿಯೆಂದು ನನ್ನ ಖಚಿತ ಅಭಿಪ್ರಾಯ.

ಉಳಿಯುವುದು ಸ್ವಂತ ತೋಟ, ಗದ್ದೆ, ಮನೆಯ ಹಿತ್ತಲು. ಒಕ್ಕದ, ಅಂದರೆ ಕೊಡವ ಕುಲದ, ಜಂಟಿ ಆಸ್ತಿಯಾಗಿದ್ದರೆ ಅದರ ಮುಖ್ಯಸ್ಥರಾದ ಪಟ್ಟೆದಾರರಿಗೂ ಹಿರಿಯರಿಗೂ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಸಿಕ್ಕ ಮೇಲೆ ಹೇಳಿದರೆ ಕೋವಿಗಿಂತ ದೊಡ್ಡ ಜಗಳ ಸಿಗುತ್ತದೆ.

ಹುಡುಕುವ ಕ್ರಮ

ಕಾಫಿ ಕೊಯ್ಲು ಮುಗಿದು, ಕಾಫಿಯ ಹೂ ಅರಳಿಸುವ ಹೂಮಳೆ ಬಿದ್ದ ಮೇಲಿನ ದಿನಗಳು ಈ ಕೆಲಸಕ್ಕೆ ಅನುಕೂಲ. ನೆಲ ಮೆತ್ತಗಿರುತ್ತದೆ, ಸ್ವಲ್ಪ ತೇವವಿರುವ ಮಣ್ಣಿನಲ್ಲಿ ಸಂಕೇತವೂ ಸಾಮಾನ್ಯವಾಗಿ ಸ್ಪಷ್ಟವಾಗಿರುತ್ತದೆ. ಕಾಫಿಯ ಆಹಾರ ಹೀರುವ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿಕೊಂಡಿರುವುದರಿಂದ ಗಿಡದ ಬುಡ ಬಿಟ್ಟು ಸಾಲುಗಳ ನಡುವೆ ಮಾತ್ರ ಅಗೆಯಬೇಕು. ಆನೆ ಓಡಾಡುವ ತೋಟಗಳಲ್ಲಿ ಬೆಳಗಿನ ಜಾವ ಮತ್ತು ಮುಸ್ಸಂಜೆ ಬೇಡ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡವನಿಗೆ ಹಿಂದೆ ಬಂದದ್ದು ಕೇಳಿಸುವುದಿಲ್ಲ.

ನಾಣ್ಯ ಹುಡುಕುವವರು ಕಬ್ಬಿಣದ ಸದ್ದನ್ನು ಅಡಗಿಸುವಂತೆ ಉಪಕರಣವನ್ನು ಹೊಂದಿಸಿಕೊಂಡಿರುತ್ತಾರೆ. ಹಾಗೆ ಮಾಡಿದರೆ ಕೋವಿಯ ನಳಿಗೆಯ ಮೇಲೆಯೇ ನಡೆದು ಹೋದರೂ ಗೊತ್ತಾಗದು. ಎಲ್ಲ ಲೋಹಗಳೂ ಕೇಳಿಸುವ ಕ್ರಮದಲ್ಲಿ ಇಟ್ಟು, ಆ ಜಾಗದ ಮಣ್ಣಿಗೆ ತಕ್ಕಂತೆ ನೆಲದ ಸಮತೋಲನವನ್ನು (ಮಣ್ಣಿನದೇ ಸದ್ದನ್ನು ಅಡಗಿಸುವ ಹೊಂದಿಕೆಯನ್ನು) ಹೊಂದಿಸಬೇಕು. ಜಂಬಿಟ್ಟಿಗೆಯ ಕಬ್ಬಿಣದಂಶದಿಂದಾಗಿ ಕೆಲವು ಕಡೆ ಬರೀ ಕಲ್ಲೇ ಸದ್ದು ಮಾಡುತ್ತದೆ, ಆಗ ಸೂಕ್ಷ್ಮತೆಯನ್ನು ತಗ್ಗಿಸುವುದೇ ಉಪಾಯ. ಆನೆಗಾಗಿ ಹಾಕಿದ ಸೋಲಾರ್ ಬೇಲಿ ಹತ್ತಿರವಿದ್ದರೆ ಉಪಕರಣ ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ, ಬೇಲಿಯಿಂದ ದೂರ ಸರಿಯಬೇಕು.

ಸದ್ದು ಬಂದ ಕಡೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬೀಸಿ ನೋಡಿ, ಸದ್ದು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಬಿದಿರಿನ ಗೂಟ ನೆಡಬೇಕು. ಕತ್ತಿ, ಲಾಳ, ಮೊಳೆಗಳಾದರೆ ಸದ್ದು ಒಂದೇ ಕಡೆ ನಿಲ್ಲುತ್ತದೆ. ಸಾಲಾಗಿ ಎರಡು ಮೂರು ಮೀಟರು ಸಾಗಿದರೆ ಅದು ಸ್ಪ್ರಿಂಕ್ಲರ್ ಪೈಪೋ ಮುಳ್ಳುತಂತಿಯೋ ಆಗಿರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಬಹುವಾಗಿ ಬಳಕೆಯಲ್ಲಿದ್ದ, ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಚಕಮಕಿ ಕೋವಿಯ ನಳಿಗೆ 39 ಅಂಗುಲ, ಅಂದರೆ ಸುಮಾರು 99 ಸೆಂಟಿಮೀಟರು, ಇಡೀ ಕೋವಿ ಸುಮಾರು 140 ಸೆಂಟಿಮೀಟರು. ಆದ್ದರಿಂದ ಒಂದು ಮೀಟರಿನ ಆಸುಪಾಸಿನ ಕಬ್ಬಿಣದ ಸದ್ದು, ಅದರ ಒಂದು ತುದಿಯಾಚೆ ಹಿತ್ತಾಳೆಯ ಬೇರೆ ಸದ್ದು ಕೇಳಿದರೆ ಎಚ್ಚರಗೊಳ್ಳಬೇಕು. ಮರದ ಹಿಡಿ ಕೊಳೆತು ಮಾಯವಾಗಿದ್ದರೂ ಹಿಡಿಯ ಬುಡಕ್ಕೆ ಹೊಡೆದ ಹಿತ್ತಾಳೆಯ ಪಟ್ಟಿ ತನ್ನ ಜಾಗದಲ್ಲೇ ಉಳಿದಿರುತ್ತದೆ.

ಅಗೆಯುವಾಗ ಗುದ್ದಲಿಯನ್ನು ಗೂಟದಿಂದ ಒಂದು ಮೊಳ ದೂರದಲ್ಲಿ ಹಾಕಿ, ಹತ್ತಿರ ಬಂದ ಮೇಲೆ ಮರದ ಚಮಚ, ಬಿದಿರಿನ ಚೂರು ಮತ್ತು ಬ್ರಷ್ ಮಾತ್ರ ಬಳಸಬೇಕು. ಉಂಡೆಯಾಕಾರದ, ದಾರ ಸುತ್ತಿದ, ಬಟ್ಟೆ ಅಥವಾ ಪ್ಲಾಸ್ಟಿಕ್‌ನಲ್ಲಿ ಕಟ್ಟಿದ ಏನೇ ಕಂಡರೂ ಕೆಲಸ ಅಲ್ಲಿಗೇ ನಿಲ್ಲಿಸಬೇಕು. ಹಂದಿ ಕೊಲ್ಲಲು ಇಡುವ ಸಿಡಿಮದ್ದಿನ ಉಂಡೆ ಕೈಯನ್ನೇ ತೆಗೆದುಬಿಡಬಲ್ಲದು.

ನಳಿಗೆ ಕಂಡ ಮೇಲೆ

ಬಾಯಿಯಿಂದ ಮದ್ದು ತುಂಬುವ ಕೋವಿಗಳನ್ನು ಈಡು ತುಂಬಿಟ್ಟೇ ಮೂಲೆಗಿಡುವ ರೂಢಿ ಇತ್ತು, ಆದ್ದರಿಂದ ಸಿಕ್ಕ ಪ್ರತಿ ನಳಿಗೆಯನ್ನೂ ತುಂಬಿದ ನಳಿಗೆಯೆಂದೇ ಭಾವಿಸಬೇಕು. ಕರಿಮದ್ದು ನೀರು ಕುಡಿದರೆ ಅದರೊಳಗಿನ ಪೆಟ್ಲುಪ್ಪು ಕರಗಿ ಹೋಗುವುದು ನಿಜ. ಆದರೆ ಗುಂಡಿನ ಮೇಲೆ ಬಿಗಿಯಾಗಿ ಗಿಡಿದ ಬಟ್ಟೆ, ಅದರ ಮೇಲೆ ಕಟ್ಟಿದ ತುಕ್ಕು ಸೇರಿ ಬಿರಡೆಯಂತಾಗಿ ಒಳಗಿನ ಮದ್ದನ್ನು ಒಣಗಿದ ಸ್ಥಿತಿಯಲ್ಲೇ ಉಳಿಸಿಕೊಂಡಿರುವ ಸಾಧ್ಯತೆಯೂ ಇದೆ, ಮತ್ತು ಒಣಗಿದ ಕರಿಮದ್ದಿಗೆ ವಯಸ್ಸಾಗುವುದಿಲ್ಲ. ಹಾಗಾಗಿ ಬಾಯಿ ಇರುವ ದಿಕ್ಕಿನಲ್ಲಿ ಯಾರೂ ನಿಲ್ಲಬಾರದು. ಒಲೆಯ ಹತ್ತಿರ ಒಣಗಿಸುವುದು, ಕಬ್ಬಿಣದ ಸರಳು ತೂರಿಸಿ ಮಣ್ಣು ತೆಗೆಯುವುದು, ಡ್ರಿಲ್ ಹಾಕುವುದು, ಗ್ರೈಂಡರ್ ಹಿಡಿಯುವುದು, ಇವೆಲ್ಲ ಪ್ರಾಣಕ್ಕೆ ಎರವಾಗುವ ಕೆಲಸಗಳು. ಒಳಗೆ ಈಡು ಇದೆಯೇ ಎಂದು ನೋಡುವ ಕೆಲಸ ಪೊಲೀಸರು ಕರೆಸುವ ಪರಿಣತರದ್ದು. ಮನೆಯಲ್ಲಿ ಕೋವಿ ಬಳಸಿ ಅನುಭವವಿರುವವರೇ ಇಲ್ಲಿ ಹೆಚ್ಚು ಧೈರ್ಯ ತೋರುತ್ತಾರೆ ಎಂಬುದನ್ನು ಗಮನಿಸಿದ್ದೇನೆ, ಆದರೆ ಶುಚಿಯಾದ ಕೋವಿಯ ಅನುಭವ ಮಣ್ಣು ತುಂಬಿದ ಕೋವಿಗೆ ಒದಗುವುದಿಲ್ಲ.

ಎತ್ತುವ ಮೊದಲು ಫೋಟೋ ತೆಗೆಯಬೇಕು. ಪಕ್ಕದಲ್ಲಿ ಅಳತೆಪಟ್ಟಿ, ಉತ್ತರ ದಿಕ್ಕಿನ ಗುರುತು, ಮಣ್ಣಿನ ಪದರ ಕಾಣುವಂತೆ ಒಂದು, ಮೇಲಿನಿಂದ ಒಂದು, ಹತ್ತಿರದಿಂದ ಹಲವು. ಆಳ, ಮಣ್ಣಿನ ಬಣ್ಣ, ಫೋನಿನಲ್ಲಿ ಕಾಣುವ ಅಕ್ಷಾಂಶ ರೇಖಾಂಶಗಳನ್ನು ಬರೆದುಕೊಳ್ಳಬೇಕು. ಸಾಧ್ಯವಾದಷ್ಟೂ ಎತ್ತದೆ ಅಲ್ಲೇ ಬಿಟ್ಟು, ಮೇಲೆ ತಾಡಪಾಲು ಹೊದಿಸಿ ಅಧಿಕಾರಿಗಳನ್ನು ಕರೆಸುವುದೇ ಉತ್ತಮ.

ಗುಂಡಿಯಿಂದ ತೆಗೆದ ಮಣ್ಣನ್ನು ಎಸೆಯದೆ ಜರಡಿ ಹಿಡಿಯಬೇಕು. ಚಕಮಕಿ ಕಲ್ಲು ಲೋಹವಲ್ಲ, ಯಾವ ಡಿಟೆಕ್ಟರೂ ಅದನ್ನು ತೋರಿಸುವುದಿಲ್ಲ. ಕೋವಿಗೆ ಹಾಕುವ ಚಕಮಕಿ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು, ಒಂದು ಅಂಚು ಚೂಪು, ಮುರಿದ ಮೈ ಗಾಜಿನಂತೆ ನುಣುಪು. ಇಂಗ್ಲೆಂಡಿನದು ಕಪ್ಪು, ಫ್ರಾನ್ಸಿನದು ಜೇನಿನ ಬಣ್ಣದ್ದು. ಕೊಡಗಿನ ನೆಲದ ಬಂಡೆಗಳು ನೈಸ್ ಮತ್ತು ಗ್ರಾನೈಟ್ ಜಾತಿಯವು, ಈ ಬಗೆಯ ಕಲ್ಲು ಇಲ್ಲಿ ಹುಟ್ಟುವುದಿಲ್ಲ. ಹೀಗಾಗಿ ಜರಡಿಯಲ್ಲಿ ಉಳಿದ ಒಂದು ಕಪ್ಪು ಚೂರು, ತುಕ್ಕಿನ ಮುದ್ದೆಯಾಗಿಹೋದ ನಳಿಗೆಗಿಂತ ಹೆಚ್ಚು ಮಾತಾಡಬಲ್ಲದು.

ಗುರುತಿಸುವುದು

ಮೊದಲ ಪ್ರಶ್ನೆ, ಇದು ನಿಜಕ್ಕೂ ಹಳೆಯದೇ ಎಂಬುದು. ಹಳೆಯ ನಳಿಗೆ ಬುಡದಲ್ಲಿ ದಪ್ಪವಾಗಿದ್ದು ಬಾಯಿಯ ಕಡೆಗೆ ಸಣ್ಣದಾಗುತ್ತ ಹೋಗುತ್ತದೆ, ಏಕೆಂದರೆ ಮದ್ದು ಸಿಡಿಯುವ ಒತ್ತಡ ಬುಡದಲ್ಲಿ ಹೆಚ್ಚು. ತುದಿಯಿಂದ ತುದಿಗೆ ಒಂದೇ ದಪ್ಪವಿದ್ದು, ಒಳಗೆ ಉದ್ದಕ್ಕೂ ನೇರವಾದ ಬೆಸುಗೆಯ ಗೆರೆ ಕಂಡರೆ ಅದು ಕಾರ್ಖಾನೆಯ ಪೈಪು. ವೆಲ್ಡಿಂಗಿನ ಗಂಟುಗಳು, ಆರು ಮೂಲೆಯ ನಟ್ಟು, ಪ್ಲಸ್ ಗುರುತಿನ ಸ್ಕ್ರೂ, ಇವುಗಳಲ್ಲಿ ಯಾವುದಾದರೂ ಒಂದು ಕಂಡರೂ ಪುರಾತನದ ಮಾತನ್ನು ಬಿಟ್ಟು ನೇರವಾಗಿ ಪೊಲೀಸ್ ಠಾಣೆಗೆ ತಿಳಿಸಬೇಕು. ಯಾವುದೋ ಅಪರಾಧಕ್ಕೆ ಬಳಸಿ ಹೂತಿಟ್ಟ ಆಯುಧವೂ ಅದಾಗಿರಬಹುದು.

ಆ ಪರೀಕ್ಷೆಯಲ್ಲಿ ಗೆದ್ದರೆ ನಳಿಗೆಯ ಬುಡದ ಬಲಮಗ್ಗುಲನ್ನು ನೋಡಬೇಕು. ಬರೀ ನಳಿಗೆ ಮಾತ್ರ ಸಿಕ್ಕಿದ್ದರೂ ಈ ಅಂಗೈಯಗಲದ ಜಾಗ ಕೋವಿಯ ಜಾತಿಯನ್ನು ಹೇಳಿಬಿಡುತ್ತದೆ. ಅಲ್ಲಿ ಚಿಕ್ಕ ತೂತಿನ ಎದುರು ನಳಿಗೆಗೇ ಸೇರಿಸಿದ ಬಟ್ಟಲಿನಂಥ ಕಬ್ಬಿಣದ ಚಾಚು ಇದ್ದರೆ ಅದು ಉರಿಯುವ ಜಾಮಗಿ (ಬತ್ತಿ) ತಾಗಿಸಿ ಹೊಡೆಯುವ ಬತ್ತಿ ಕೋವಿ, ಭಾರತೀಯ ಬತ್ತಿ ಕೋವಿಗಳಲ್ಲಿ ಮದ್ದಿನ ಬಟ್ಟಲು ನಳಿಗೆಯ ಭಾಗವೇ ಆಗಿರುತ್ತದೆ. ತೂತು ಮಾತ್ರ ಇದ್ದು ಬಟ್ಟಲು ಇಲ್ಲದಿದ್ದರೆ ಅದು ಚಕಮಕಿ ಕೋವಿಯ ನಳಿಗೆ, ಅದರಲ್ಲಿ ಬಟ್ಟಲು ಪಕ್ಕದ ಯಂತ್ರದ ತಗಡಿಗೆ ಸೇರಿರುತ್ತದೆ. ತೂತಿನ ಜಾಗದಲ್ಲಿ ಗಟ್ಟಿಯಾದ ಕಬ್ಬಿಣದ ಉಬ್ಬು, ಅದರ ಮೇಲೆ ಮೊಲೆತೊಟ್ಟಿನಾಕಾರದ ಟೊಳ್ಳು ಕೊಳವೆ ಇದ್ದರೆ ಅದು ಕೇಪಿನ ಕೋವಿ, ಬಡಿದರೆ ಸಿಡಿಯುವ ಚಿಕ್ಕ ಲೋಹದ ಟೊಪ್ಪಿಗೆಯಾದ ಕೇಪನ್ನು ಆ ಕೊಳವೆಯ ಮೇಲೆ ಇಡುತ್ತಾರೆ. ತೂತನ್ನು ಮುಚ್ಚಿ ಪಕ್ಕದಿಂದ ತಿರುಪಿ ಕೂರಿಸಿದ ದುಂಡನೆಯ ತುಂಡಿನ ಮೇಲೆ ಆ ಕೊಳವೆ ಇದ್ದರೆ, ಚಕಮಕಿ ಕೋವಿಯನ್ನು ನಂತರ ಕೇಪಿಗೆ ಮಾರ್ಪಡಿಸಿದ್ದಾರೆಂದು ತಿಳಿಯಬೇಕು. ಬುಡ ಮುಚ್ಚಿರದೆ ತೆರೆದುಕೊಂಡಿದ್ದು, ತೋಟಾದ (ಮದ್ದು, ಗುಂಡು ಎರಡನ್ನೂ ಒಟ್ಟಿಗೆ ತುಂಬಿದ ಕೊಳವೆಯ) ಅಂಚು ಕೂರುವ ಕಟ್ಟು ಕಂಡರೆ ಅದು ತೋಟಾ ಕೋವಿ.

ಇಲ್ಲೊಂದು ಎಚ್ಚರಿಕೆ ಬೇಕು. ಬ್ರಿಟಿಷ್ ಸೈನ್ಯ ಕೇಪಿನ ಕೋವಿಗೆ ಬದಲಾದದ್ದು 1840ರ ದಶಕದಲ್ಲಿ, ನಳಿಗೆಯೊಳಗೆ ಮೂರು ಗೀರುಗಳಿರುವ 1853ರ ಎನ್‌ಫೀಲ್ಡ್ ಕೋವಿ ಬಂದದ್ದು ಅನಂತರ, ಬುಡದಿಂದ ತೋಟಾ ತುಂಬುವ ಸ್ನೈಡರ್ 1860ರ ದಶಕದಲ್ಲಿ. ಆದರೆ ಈ ವರ್ಷಗಳು ಒಂದು ಬಗೆಯ ಕೋವಿ ಯಾವಾಗಿನಿಂದ ಇರಬಹುದು ಎಂಬುದನ್ನು ಹೇಳುತ್ತವೆಯೇ ಹೊರತು ಯಾವಾಗ ಮಣ್ಣು ಸೇರಿತು ಎಂಬುದನ್ನಲ್ಲ. ಬಾಯಿಯಿಂದ ತುಂಬುವ ಕೋವಿ ಹಳ್ಳಿಗಾಡಿನಲ್ಲಿ ಇಪ್ಪತ್ತನೆಯ ಶತಮಾನದಲ್ಲೂ ಬಳಕೆಯಲ್ಲಿತ್ತು. 1834ರ ಏಪ್ರಿಲ್‌ನಲ್ಲಿ ಕಂಪನಿಯ ಸೈನ್ಯ ಹಲವು ದಿಕ್ಕಿನಿಂದ ಕೊಡಗನ್ನು ಹೊಕ್ಕ ಯುದ್ಧಕ್ಕೋ 1837ರ ಅಮರ ಸುಳ್ಯದ ದಂಗೆಗೋ ಸಿಕ್ಕ ಕೋವಿಯನ್ನು ಗಂಟುಹಾಕುವ ಮೊದಲು, ಅದು ಯಾರದೋ ಅಜ್ಜ ಹಂದಿಬೇಟೆಯಲ್ಲಿ ಕಳೆದುಕೊಂಡದ್ದು ಆಗಿರಲಾರದೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಗುರುತುಗಳು ಉಳಿದಿದ್ದರೆ ಕೆಲಸ ಹಗುರ. ಉಜ್ಜದೆ, ಒಂದು ಪಕ್ಕದಿಂದ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ಫೋಟೋ ತೆಗೆದರೆ ಕಣ್ಣಿಗೆ ಕಾಣದ ಅಕ್ಷರಗಳೂ ನೆರಳಿನಲ್ಲಿ ಎದ್ದು ಬರುತ್ತವೆ. ಹೃದಯದಾಕಾರದ ಚೌಕಟ್ಟನ್ನು ನಾಲ್ಕು ಭಾಗ ಮಾಡಿ ವಿ, ಇ, ಐ, ಸಿ ಅಕ್ಷರಗಳನ್ನು ಕೊರೆದಿದ್ದರೆ ಅದು ಈಸ್ಟ್ ಇಂಡಿಯಾ ಕಂಪನಿಯ ಮುದ್ರೆ, 1808ರಿಂದೀಚೆಗೆ ಅದರ ಜಾಗಕ್ಕೆ ಕಿರೀಟ ಹಿಡಿದು ನಿಂತ ಸಿಂಹ ಬಂದಿತು. ಕಿರೀಟದ ಕೆಳಗೆ ಜಿ.ಆರ್. ಅಕ್ಷರಗಳೂ ‘ಟವರ್’ ಎಂಬ ಹೆಸರೂ ಬ್ರಿಟಿಷ್ ಸರ್ಕಾರಿ ಕೋವಿಯವು, ಆದರೆ ಇದನ್ನು ನಕಲು ಮಾಡಿದ ಅಲಂಕಾರದ ಕೋವಿಗಳು ಬೇಕಾದಷ್ಟಿವೆ. ಕಿರೀಟದಡಿ ಕತ್ತರಿಯಾಕಾರದಲ್ಲಿ ಎರಡು ರಾಜದಂಡಗಳಿದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದ ನಳಿಗೆ, ಆ ಪರೀಕ್ಷಾ ಕೇಂದ್ರ ಶುರುವಾದದ್ದು 1813ರಲ್ಲಿ. ತೋಟಾ ಕೋವಿಯ ತುಕ್ಕಿನಲ್ಲಿ ಹಗ್ಗ ಹೊಸೆದಂತೆ ಸುರುಳಿ ಗೆರೆಗಳು ಕಂಡರೆ ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ. ಟಿಪ್ಪುವಿನ ಶ್ರೀರಂಗಪಟ್ಟಣದ ಕಾರ್ಖಾನೆಯ ಕೋವಿಗಳಲ್ಲಿ ಹುಲಿಪಟ್ಟೆಯ ಅಲಂಕಾರ ಪ್ರಸಿದ್ಧ, ಅದೇನೂ ಇಲ್ಲದ ನಳಿಗೆಗೆ ಆ ಹೆಸರು ಕಟ್ಟುವುದು ಬೇಡ.

ಗುಂಡು ಸಿಕ್ಕರೆ ಅಳೆದು ತೂಗಬೇಕು. ಸೀಸದ ಗುಂಡಿನ ಮೇಲೆ ಬೂದುಬಿಳಿಯ ಪೊರೆ ಕಟ್ಟಿರುತ್ತದೆ, ಅಚ್ಚಿನ ಎರಡು ಭಾಗ ಸೇರಿದ ಗೆರೆಯೂ ಕತ್ತರಿಸಿದ ಬಾಲದ ಗುರುತೂ ಬಹುಮಟ್ಟಿಗೆ ಉಳಿದಿರುತ್ತವೆ. ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಎರಡು ಸಲ ಗುಣಿಸಿ, ಬಂದದ್ದನ್ನು 0.0059ರಿಂದ ಗುಣಿಸಿದರೆ ಸೀಸದ ಗುಂಡಿನ ತೂಕ ಗ್ರಾಂನಲ್ಲಿ ಬರುತ್ತದೆ. ಕಂಪನಿಯ ಚಕಮಕಿ ಕೋವಿಯ ನಳಿಗೆಯ ಒಳವ್ಯಾಸ ಸುಮಾರು 19 ಮಿಲಿಮೀಟರು, ಗುಂಡು ಸುಮಾರು 17.5 ಮಿಲಿಮೀಟರು, ತೂಕ 32 ಗ್ರಾಂ ಹತ್ತಿರ. ಗುಂಡು ಇಷ್ಟು ಸಡಿಲವಾಗಿರುವುದು ಬೇಕೆಂದೇ, ಮಸಿ ಕಟ್ಟಿದ ನಳಿಗೆಯೊಳಗೂ ಅದು ಬೇಗ ಇಳಿಯಬೇಕು. ಲೆಕ್ಕಕ್ಕಿಂತ ತೂಕ ಬಹಳ ಕಡಿಮೆ ಬಂದು ಅಯಸ್ಕಾಂತಕ್ಕೂ ಅಂಟಿಕೊಂಡರೆ ಅದು ಪಲ್ಪರಿನ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ) ಬೇರಿಂಗಿನ ಗೋಲಿಯಿರಬಹುದು, ತೋಟಗಳಲ್ಲಿ ಅವಕ್ಕೇನೂ ಕೊರತೆಯಿಲ್ಲ. ಸಮವಸ್ತ್ರದ ಗುಂಡಿ ಸಿಕ್ಕರೆ ಅದರ ಮೇಲಿನ ಅಂಕಿಯನ್ನು ಓದಬೇಕು, ಬ್ರಿಟಿಷ್ ಪಡೆಗಳು ತಮ್ಮ ರೆಜಿಮೆಂಟಿನ ಸಂಖ್ಯೆಯನ್ನು ಗುಂಡಿಗಳ ಮೇಲೆ ಹಾಕುತ್ತಿದ್ದವು.

ಕಾಪಾಡುವುದು

ನಮ್ಮವರ ಮೊದಲ ಕೆಲಸ ತೊಳೆಯುವುದು, ಎರಡನೆಯದು ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕುವುದು, ಮೂರನೆಯದು ತೆಂಗಿನೆಣ್ಣೆ ಸವರಿ ಕುಂಕುಮವಿಟ್ಟು ದೇವರ ಕೋಣೆಯಲ್ಲಿ ನಿಲ್ಲಿಸುವುದು. ಭಕ್ತಿ ಅರ್ಥವಾಗುತ್ತದೆ, ಆದರೆ ಮೂರರಿಂದಲೂ ಗುರುತುಗಳು ಅಳಿಯುತ್ತವೆ. ತಂತಿ ಬ್ರಷ್, ವಿನೆಗರ್, ತುಕ್ಕು ತೆಗೆಯುವ ದ್ರಾವಣ ಯಾವುದೂ ಬೇಡ. ಹಲವು ಸಲ ಮೂಲ ಮೇಲ್ಮೈ ಉಳಿದಿರುವುದು ತುಕ್ಕಿನ ಪದರದೊಳಗೇ ಹೊರತು ಅದರ ಕೆಳಗಿನ ಲೋಹದಲ್ಲಲ್ಲ.

ಅಧಿಕಾರಿಗಳು ಬರುವವರೆಗೆ ಬಿಡಿ ಕಬ್ಬಿಣದ ತುಂಡುಗಳನ್ನು ನೆರಳಿನಲ್ಲಿ ನಿಧಾನವಾಗಿ ಆರಿಸಿ, ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಬೇಕು. ಜೂನ್ ಜುಲೈ ತಿಂಗಳ ಗಾಳಿಯಲ್ಲಿ ತೆರೆದಿಟ್ಟರೆ ಕಿತ್ತಳೆ ಬಣ್ಣದ ಹನಿಗಳು ಮೂಡಿ ಪದರ ಪದರವಾಗಿ ಉದುರತೊಡಗುತ್ತದೆ. ಮರದ ಚೂರು ಅಂಟಿಕೊಂಡಿದ್ದರೆ ಮಾತ್ರ ಒಣಗಿಸಬಾರದು, ಸುತ್ತಲಿನ ಮಣ್ಣಿನ ಹೆಂಟೆಯ ಸಮೇತ ಒದ್ದೆಯಾಗಿಯೇ ಸುತ್ತಿಡಬೇಕು, ಒಣಗಿದ ಮರ ಮುರುಟಿ ಪುಡಿಯಾಗುತ್ತದೆ. ಈಡು ಇರಬಹುದಾದ ನಳಿಗೆಯನ್ನಂತೂ ಮನೆಯೊಳಗೆ ತರಲೇಬಾರದು.

ಕಾನೂನು ಮತ್ತು ವರದಿ

1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯಿದೆಯಿಂದ ಹೊರಗಿಟ್ಟಂದಿನಿಂದ ಬಂದ ವಿನಾಯಿತಿ ಇಂದಿಗೂ ಇದೆ. ಕೊಡವ ಜನಾಂಗದವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಹೊಂದುವ ಈ ಅವಕಾಶವನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಅದು ಒಬ್ಬರಿಗೆ ಒಂದು ಕೋವಿಯ ಲೆಕ್ಕದ ವಿನಾಯಿತಿ, ಮಣ್ಣಿನಿಂದ ಎದ್ದ ಕೋವಿಯನ್ನೆಲ್ಲ ಮನೆಯಲ್ಲಿಟ್ಟುಕೊಳ್ಳಲು ಕೊಟ್ಟ ಅನುಮತಿಯಲ್ಲ. ಹಳೆಯ ಮಾದರಿಯ, ಪುರಾತನ ಬೆಲೆಯ ಅಥವಾ ಕೆಟ್ಟುಹೋದ ಆಯುಧ ದುರಸ್ತಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲಾರದಂತಿದ್ದರೆ ಅದಕ್ಕೆ 1959ರ ಶಸ್ತ್ರಾಸ್ತ್ರ ಕಾಯಿದೆ ಅನ್ವಯಿಸುವುದಿಲ್ಲವೆಂದು ಆ ಕಾಯಿದೆಯ 45ನೇ ಕಲಮು ಹೇಳುತ್ತದೆ. ಕೋವಿ ಆ ಸ್ಥಿತಿಯಲ್ಲಿದೆಯೇ ಎಂದು ತೀರ್ಮಾನಿಸಬೇಕಾದವರು ಸಿಕ್ಕವರಲ್ಲ, ಅಧಿಕಾರಿಗಳು. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ನಿಕ್ಷೇಪ ಕಾಯಿದೆಯ ವ್ಯಾಪ್ತಿಗೂ, ನೂರು ವರ್ಷ ಮೀರಿದ ವಸ್ತು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೂ ಬರುತ್ತದೆ, ಆದ್ದರಿಂದ ಗುಜರಿಗೆ ಹಾಕುವುದಾಗಲೀ ಆನ್‌ಲೈನಿನಲ್ಲಿ ಮಾರಲು ಹೊರಡುವುದಾಗಲೀ ಕೂಡದು.

ಮೊದಲು ಹತ್ತಿರದ ಪೊಲೀಸ್ ಠಾಣೆಗೆ, ತುರ್ತಾದರೆ 112ಕ್ಕೆ ತಿಳಿಸಬೇಕು. ಅದೇ ದಿನ ಜಿಲ್ಲಾಧಿಕಾರಿಗಳಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಅದರ ಪ್ರತಿಯನ್ನು ರಾಜ್ಯ ಪುರಾತತ್ವ ಇಲಾಖೆಗೂ ಕಳಿಸಬೇಕು. ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚ್ ಕಟ್ಟಡದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಿದರೆ ಕಳಿಸುವ ದಾರಿ ತಿಳಿಯುತ್ತದೆ. ಅರ್ಜಿಯಲ್ಲಿ ಸಿಕ್ಕ ದಿನ ಮತ್ತು ಹೊತ್ತು, ಸರ್ವೆ ನಂಬರು, ಆಳ, ಯಾವ ಕೆಲಸದ ನಡುವೆ ಸಿಕ್ಕಿತು, ಜೊತೆಗೆ ಏನೇನಿತ್ತು, ಅಲ್ಲಿದ್ದವರ ಹೆಸರು, ಈಗ ಎಲ್ಲಿದೆ ಎಂಬುದನ್ನು ಬರೆದು ಫೋಟೋಗಳನ್ನು ಲಗತ್ತಿಸಬೇಕು. ‘ಟಿಪ್ಪುವಿನ ಕಾಲದ ಕೋವಿ’ ಎಂದು ಬರೆಯದೆ ‘ಸುಮಾರು 99 ಸೆಂಟಿಮೀಟರು ಉದ್ದದ, ಬಲಬದಿಯಲ್ಲಿ ತೂತಿರುವ ಕಬ್ಬಿಣದ ನಳಿಗೆ’ ಎಂದು ಕಂಡದ್ದನ್ನಷ್ಟೇ ಬರೆದರೆ ಓದುವ ತಜ್ಞರಿಗೆ ಅನುಕೂಲ. ವಸ್ತುವನ್ನು ಒಪ್ಪಿಸುವಾಗ ಮಹಜರಿನ ಪ್ರತಿಯನ್ನೂ ಅರ್ಜಿಯ ಸ್ವೀಕೃತಿಯನ್ನೂ ಮೊಹರು ಹಾಕಿಸಿಕೊಂಡು ತೋಟದ ದಾಖಲೆಗಳ ಜೊತೆ ಇಟ್ಟುಕೊಳ್ಳಬೇಕು.